ಗುರುವಾರದ ನೀರು

ಇಯಾಮಾ, ಅಕ್ಟೋಬರ್ ೧೨

ಅಕಾನೆಯ ಅಪ್ಪನಿಗೆ,

ಕಾಗದಕ್ಕೆ ಮೊದಲು ಹವಾಮಾನ ಬರೆಯಬೇಕು ಎಂಬ ಶಾಸ್ತ್ರವನ್ನು ಮುಗಿಸಿಬಿಡುತ್ತೇನೆ. ಬೆಟ್ಟದ ತುದಿ ಕೆಂಪಾಗಿದೆ, ಬೆಳಿಗ್ಗೆ ಬೆರಳು ಕೊರೆಯುತ್ತದೆ, ಪಕ್ಕದ ಮನೆಯವರು ಮೂಲಂಗಿ ಒಣಹಾಕಿದ್ದಾರೆ. ಫೋನಿನಲ್ಲಿ ನೀವು "ಹೂಂ" ಬಿಟ್ಟರೆ ಬೇರೆ ಮಾತಾಡುವುದಿಲ್ಲ. ಅಂಚೆ ಕಚೇರಿಯಲ್ಲಿ ಕೂತವಳಿಗೆ ಗಂಡನಿಂದ ಒಂದು ಕಾಗದವೂ ಬರುವುದಿಲ್ಲ ಎಂದರೆ ಜೊತೆಯವರು ನಗುತ್ತಾರೆ. ಕುಶಿರೊದಲ್ಲಿ ನಿಮ್ಮ ಎರಡು ವರ್ಷದ ಕೆಲಸ ಮುಗಿಯುವ ತನಕ ಬರೆಯಿರಿ.

ನೀವು ಆರಿಸಿಟ್ಟು ಹೋದ, ಸ್ನಾನದ ನೀರು ಕಾಯಿಸುವ ಹೀಟ್ ಪಂಪ್ ಕಳೆದ ವಾರ ಬಂತು. ಸೀಮೆಎಣ್ಣೆ ಬಾಯ್ಲರನ್ನು ಇಬ್ಬರು ಹೊತ್ತುಕೊಂಡು ಹೋದರು. ಅದರ ಜಾಗದಲ್ಲಿ ಈಗ ನನಗಿಂತ ಎತ್ತರದ ಬಿಳಿ ಟ್ಯಾಂಕು, ಪಕ್ಕದಲ್ಲಿ ಫ್ಯಾನು ತಿರುಗುವ ಪೆಟ್ಟಿಗೆ. ಬಚ್ಚಲುಮನೆಯ ಗೋಡೆಯ ಫಲಕದೊಳಗೆ ಒಬ್ಬ ಹೆಂಗಸಿದ್ದಾಳೆ. ತೊಟ್ಟಿ ತುಂಬಿದ ಕೂಡಲೇ "ಸ್ನಾನದ ನೀರು ಸಿದ್ಧವಾಗಿದೆ" ಎನ್ನುತ್ತಾಳೆ. ಇಷ್ಟು ವಿನಯವಾಗಿ ಈ ಮನೆಯಲ್ಲಿ ಇದುವರೆಗೆ ಯಾರೂ ಮಾತಾಡಿದ್ದಿಲ್ಲ. ನಾನು ಅವಳಿಗೆ "ಆಯ್ತಮ್ಮ" ಎಂದು ಉತ್ತರ ಕೊಡುತ್ತೇನೆ, ಅಕಾನೆ ಬಿದ್ದುಬಿದ್ದು ನಗುತ್ತಾಳೆ.

ಕೂರಿಸಿದವರು ನಿರಸಾವಾ-ಸಾನ್. ಒಳ್ಳೆಯ ಕೆಲಸಗಾರ. ಮೂರು ಸಲ ಬಂದು ಬಿಗಿ, ಸೋರಿಕೆ ಎಲ್ಲ ನೋಡಿ ಹೋದರು. ಶೂ ಬಿಚ್ಚಿ ಜೋಡಿಸಿಡುವ ರೀತಿಯನ್ನು ನೀವು ಅವರಿಂದ ಕಲಿಯಬಹುದು.

ಇನ್ನೊಂದು. ಊರವರೆಲ್ಲ ಹೋಗುವ ಮಾತ್ಸುಬಾ ಸಾರ್ವಜನಿಕ ಸ್ನಾನದ ಮನೆ ಈ ತಿಂಗಳಿಗೆ ಮುಚ್ಚುತ್ತದೆ ಎಂದು ಕಚೇರಿಯ ಗೋಡೆಗೆ ನೋಟೀಸು ಅಂಟಿಸಿದ್ದಾರೆ. ಆ ಹೆಸರು ನಿಮಗೆ ಬೇಡ, ಗೊತ್ತು. ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ನನ್ನಿಂದ ತಿಳಿಯಲಿ ಎಂದು ಬರೆದೆ.

ಮೈ ಬೆಚ್ಚಗಿಟ್ಟುಕೊಳ್ಳಿ.
ಮಿನೆಕೊ


ಕುಶಿರೊ, ಅಕ್ಟೋಬರ್ ೨೭

ಮಿನೆಕೊಗೆ,

ಇಲ್ಲಿ ಮಂಜು. ನಿನ್ನೆಯೂ ಮಂಜು. ಶಾಸ್ತ್ರ ಮುಗಿಯಿತು.

ಶೀತಲಗೃಹದಲ್ಲಿ ನನ್ನ ಕೆಲಸ ನಿನಗೆ ಗೊತ್ತೇ ಇದೆ. ಮೀನಿನ ಮೈಯಿಂದ ಶಾಖ ಕಿತ್ತು ಹೊರಗೆ ಬಿಸಾಡುವುದು. ನಮ್ಮ ಹಿತ್ತಲಿನ ಪೆಟ್ಟಿಗೆ ಅದೇ ವಿದ್ಯೆಯನ್ನು ತಿರುವಿಹಾಕಿ, ಚಳಿಗಾಳಿಯಲ್ಲಿ ಉಳಿದಿರುವ ಶಾಖವನ್ನು ಹೀರಿ ನೀರಿಗೆ ಕೊಡುತ್ತದೆ. ಕರೆಂಟು ಒಂದು ಪಾಲು, ಶಾಖ ಮೂರು ಪಾಲು. ಬೆಂಕಿ ಇಲ್ಲ, ಹೊಗೆ ಇಲ್ಲ, ಅದರ ಮುಂದೆ ಜೀವಮಾನವೆಲ್ಲ ಕುಕ್ಕರುಗಾಲಿನಲ್ಲಿ ಕೂರುವ ಮನುಷ್ಯನೂ ಬೇಡ. ಸ್ನಾನದ ಮನೆಯ ಸುದ್ದಿಗೆ ನನ್ನ ಉತ್ತರ ಇಷ್ಟೇ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಫೋನಿನಲ್ಲಿ ಮನೆಯ ಕರೆಂಟು, ಬಿಸಿನೀರಿನ ಲೆಕ್ಕ ತೋರಿಸುವ ಗೆರೆಗಳನ್ನು ನೋಡುತ್ತೇನೆ. ಆರೂಕಾಲಿಗೆ ಅನ್ನದ ಕುಕ್ಕರ್. ಸಂಜೆ ಏಳಕ್ಕೆ ತೊಟ್ಟಿ, ನೂರೆಂಬತ್ತು ಲೀಟರು, ನಲವತ್ತು ಡಿಗ್ರಿ. ಹೊರಗೆ ಮೈ ತೊಳೆದುಕೊಂಡು ಮೊದಲು ಅಕಾನೆ ಮುಳುಗುತ್ತಾಳೆ, ಅದೇ ನೀರಿಗೆ ಆಮೇಲೆ ನೀನು, ಮರುದಿನ ಬೆಳಿಗ್ಗೆ ಉಳಿದ ನೀರು ಬಟ್ಟೆ ಯಂತ್ರಕ್ಕೆ. ನೀವಿಬ್ಬರೂ ಓಡಾಡುವುದು ಕಣ್ಣಿಗೆ ಕಟ್ಟುತ್ತದೆ. ಜೊತೆಯವರು ಮಕ್ಕಳ ಫೋಟೋ ತೋರಿಸುತ್ತಾರೆ, ನಾನು ಗೆರೆ ತೋರಿಸುತ್ತೇನೆ.

ಒಂದೇ ಮಾತು. ಯಂತ್ರ ಕೂರಿಸಲು ಒಂದು ಸಲ ಬಂದರೆ ಸಾಕು. ಮೂರು ಸಲ ಯಾಕೆ? ನಾನೂ ಯಂತ್ರದವನೇ, ಆದ್ದರಿಂದ ಕೇಳುತ್ತಿದ್ದೇನೆ. ಅವನ ಶೂ ಹೇಗಿದ್ದರೆ ನಮಗೇನು.

ಕಾತ್ಸುಮಿ


ಕುಶಿರೊ, ನವೆಂಬರ್ ೨೪

ಮಿನೆಕೊಗೆ,

ತಿಂಗಳಾಯಿತು, ನಿನ್ನ ಕಾಗದವಿಲ್ಲ. ಪಾರ್ಸಲುಗಳ ಕಾಲ, ಕೈ ತುಂಬ ಕೆಲಸ ಎಂದುಕೊಂಡಿದ್ದೇನೆ.

ಯಂತ್ರದ ವಿಷಯ ಒಂದು ಕೇಳಬೇಕು. ನವೆಂಬರ್ ಹತ್ತು, ಗುರುವಾರ: ಮಧ್ಯಾಹ್ನ ಎರಡೂ ಹತ್ತಕ್ಕೆ ತೊಟ್ಟಿ ತುಂಬಿದೆ, ನಲವತ್ನಾಲ್ಕು ಡಿಗ್ರಿ. ಸಂಜೆ ಏಳಕ್ಕೆ ಮತ್ತೆ ತುಂಬಿದೆ, ನಲವತ್ತು ಡಿಗ್ರಿ. ಹದಿನೇಳು, ಗುರುವಾರ: ಹಾಗೆಯೇ. ಇವತ್ತು ಗುರುವಾರ, ಊಟದ ಡಬ್ಬಿ ತೆರೆಯದೆ ಕೂತು ನೋಡಿದೆ. ಎರಡೂ ಹತ್ತಕ್ಕೆ ಸರಿಯಾಗಿ ಗೆರೆ ಎದ್ದಿತು.

ಗುರುವಾರ ನಿನಗೆ ರಜೆ. ಅಕಾನೆ ಶಾಲೆಯಿಂದ ಬರುವುದು ನಾಲ್ಕಕ್ಕೆ. ನಲವತ್ತೊಂದಾದರೆ ನಿನ್ನ ಮೈ ಕೆಂಪಾಗುತ್ತದೆ. ನಲವತ್ನಾಲ್ಕರಲ್ಲಿ ನೀನು ಕಾಲ ಬೆರಳನ್ನೂ ಇಡುವವಳಲ್ಲ.

ಯಂತ್ರದಲ್ಲಿ ದೋಷವಿದ್ದರೆ ಹೇಳು. ಆ ನಿರಸಾವಾನನ್ನು ಮಾತ್ರ ಕರೆಸಬೇಡ. ನಾನೇ ಇಲ್ಲಿಂದ ಸರಿಮಾಡುತ್ತೇನೆ.

ಕಾತ್ಸುಮಿ


ಇಯಾಮಾ, ಡಿಸೆಂಬರ್ ೧

ಅಕಾನೆಯ ಅಪ್ಪನಿಗೆ,

ಸೋಮವಾರ ಮೊದಲ ಹಿಮ ಬಿತ್ತು. ಪೆಟ್ಟಿಗೆಯ ಫ್ಯಾನು ಮುಚ್ಚಿಹೋಗದಂತೆ ನಿರಸಾವಾ-ಸಾನ್ ಮೇಲೊಂದು ಚಾವಣಿ ಹಾಕಿಕೊಟ್ಟರು. ಎಷ್ಟು ಹೇಳಿದರೂ ಹಣ ತೆಗೆದುಕೊಳ್ಳದೆ ಎರಡು ಕಿತ್ತಳೆ ಹಣ್ಣು ತಿಂದು ಹೋದರು.

ಯಂತ್ರದಲ್ಲಿ ದೋಷವಿಲ್ಲ. ಅಕಾನೆಗೆ ಗಣಿತದಲ್ಲಿ ತೊಂಬತ್ತೆರಡು. ನಿಮಗೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ.

ಬೇರೆ ಬರೆಯುವುದು ಇದೆ, ಆದರೆ ಅದನ್ನು ಬರೆಯುವ ಹಕ್ಕು ಸದ್ಯಕ್ಕೆ ನನ್ನದಲ್ಲ.

ಮಿನೆಕೊ


ಕುಶಿರೊ, ಡಿಸೆಂಬರ್ ೬

ಮಿನೆಕೊ,

ಹವಾಮಾನ ಬರೆಯುವ ಮನಸ್ಸಿಲ್ಲ.

"ಬರೆಯುವ ಹಕ್ಕು ನನ್ನದಲ್ಲ." ಮತ್ತೆ ಯಾರದು? ಕಿತ್ತಳೆ ತಿಂದು ಹೋದವನದೇ?

ನಾನು ಮೂರ್ಖನಲ್ಲ. ಹದಿನೈದು ದಿನದಿಂದ ಒಂದೇ ವಿಷಯ ತಲೆಯಲ್ಲಿ ಸುತ್ತುತ್ತಿದೆ, ಹೇಳಿಬಿಡುತ್ತೇನೆ. ಮನೆಯವರಾಗಿದ್ದರೆ ಯಾರೂ ತೊಟ್ಟಿಯ ನೀರು ಚೆಲ್ಲುವುದಿಲ್ಲ. ಅಜ್ಜ ಮುಳುಗಿದ ನೀರಿಗೆ ಅಪ್ಪ, ಅಪ್ಪ ಮುಳುಗಿದ ನೀರಿಗೆ ಮಗು, ಕೊನೆಗೆ ತಾಯಿ. ಹಾಗೆ ಒಂದೇ ನೀರಿಗೆ ಇಳಿಯುವವರನ್ನೇ ನಾವು ಮನೆಯವರು ಎನ್ನುವುದು. ಗುರುವಾರ ಮಾತ್ರ ನೂರೆಂಬತ್ತು ಲೀಟರು ಬಿಸಿನೀರು ಮೋರಿಗೆ ಹೋಗುತ್ತದೆ, ಸಂಜೆಗೆ ಹೊಸ ನೀರು ತುಂಬುತ್ತದೆ. ಎಂದರೆ ಮಧ್ಯಾಹ್ನ ಮುಳುಗಿದವನು ಹೊರಗಿನವನು. ಅವನ ಗುರುತು ಉಳಿಯದಂತೆ ನೀನು ತೊಟ್ಟಿ ತೊಳೆಯುತ್ತೀಯ. ಇದನ್ನು ಸುಳ್ಳೆಂದು ಹೇಳು ನೋಡೋಣ.

ಹೌದು, ನನಗೆ ಹೊಟ್ಟೆಕಿಚ್ಚು. ನನ್ನ ತೊಟ್ಟಿಯಲ್ಲಿ ನಾನಿನ್ನೂ ಒಂದು ದಿನವೂ ಕೂತಿಲ್ಲ. ಆ ಯಂತ್ರದ ಪುಸ್ತಕವನ್ನು ನಾಲ್ಕು ತಿಂಗಳು ಓದಿ ಆರಿಸಿದವನು ನಾನು. ಮೊದಲ ಬಿಸಿನೀರು ಯಾವನಿಗೋ. ಇಲ್ಲಿ ಕ್ಯಾಂಟೀನಿನಲ್ಲಿ ಯಾರಾದರೂ ಕಿತ್ತಳೆ ಸುಲಿದರೆ ನನಗೆ ಎದ್ದು ಹೋಗುವಂತಾಗುತ್ತದೆ.

ಈ ಕಾಗದ ನಿನ್ನ ಕೈ ಸೇರುವಾಗ ಶುಕ್ರವಾರ. ಅಷ್ಟರಲ್ಲಿ ನಿನ್ನ ಗುರುವಾರದ ಅತಿಥಿಗೆ ನನ್ನ ಕಡೆಯ ಸತ್ಕಾರವೂ ಆಗಿರುತ್ತದೆ.

ಕಾತ್ಸುಮಿ


ಇಯಾಮಾ, ಡಿಸೆಂಬರ್ ೧೩

ಕಾತ್ಸುಮಿ ಅವರಿಗೆ,

ಸತ್ಕಾರ ಮುಟ್ಟಿತು.

ಗುರುವಾರ ಎರಡೂ ಹತ್ತಕ್ಕೆ ನಾನು ಎಂದಿನಂತೆ ನಲವತ್ನಾಲ್ಕಕ್ಕೆ ಒತ್ತಿ ಅಡುಗೆಮನೆಗೆ ಹೋದೆ. ನೀವು ಕುಶಿರೊದಲ್ಲಿ ಕೂತು ಫೋನಿನಿಂದಲೇ ಅದನ್ನು ಮೂವತ್ತೈದಕ್ಕೆ ಇಳಿಸಿದಿರಿ. ಬಚ್ಚಲುಮನೆಯ ಹೀಟರನ್ನೂ ಆರಿಸಿದಿರಿ. ಹೊರಗೆ ಮೊಳಕಾಲುದ್ದ ಹಿಮ. ಗೋಡೆಯ ಹೆಂಗಸು ತನ್ನ ವಿನಯದಿಂದ "ಸಿದ್ಧವಾಗಿದೆ" ಎಂದಳು. ನಿಮ್ಮ ಅಪ್ಪ ಆ ನೀರಿಗೆ ಇಳಿದು ಇಪ್ಪತ್ತು ನಿಮಿಷ ಕೂತರು.

ಹೌದು, ನಿಮ್ಮ ಅಪ್ಪ. ನಲವತ್ನಾಲ್ಕು ಡಿಗ್ರಿ ಯಾರ ಮೈಗೆ ಬೇಕು ಎಂದು ನಿಮಗೆ ಹೊಳೆಯಲೇ ಇಲ್ಲವೇ? ಮಾತ್ಸುಬಾ ಸ್ನಾನದ ಮನೆಯ ಒಲೆಯ ಮುಂದೆ ಐವತ್ತೊಂದು ವರ್ಷ ಸೌದೆ ಎಸೆದವರಿಗೆ ಅದಕ್ಕಿಂತ ಕಡಿಮೆ ಬಿಸಿ ಬಿಸಿಯೇ ಅಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಿಮಗೆ ಕಂಡದ್ದು ನಿರಸಾವಾ-ಸಾನ್. ಆ ಮನುಷ್ಯನಿಗೆ ಮೂರು ಮೊಮ್ಮಕ್ಕಳು.

ಮಾವನ ಬಾಡಿಗೆ ಕೋಣೆಯಲ್ಲಿ ಬಚ್ಚಲಿಲ್ಲ, ಸ್ನಾನದ ಮನೆ ಮುಚ್ಚಿದ ಮೇಲೆ ಮೈ ತೊಳೆಯಲು ಜಾಗವೇ ಇಲ್ಲ. ನವೆಂಬರ್ ಮೊದಲ ವಾರ ಪಿಂಚಣಿಗೆ ಕಚೇರಿಗೆ ಬಂದಿದ್ದರು. ಊರಿಗೆಲ್ಲ ಸ್ನಾನ ಮಾಡಿಸಿದವರು ನನ್ನ ಕಿಟಕಿಯಿಂದ ಎರಡು ಹೆಜ್ಜೆ ಹಿಂದೆ ನಿಂತು ಮಾತಾಡಿದರು, ಮೈವಾಸನೆ ನನಗೆ ತಾಗಬಾರದೆಂದು. ಗುರುವಾರ ಬನ್ನಿ ಎಂದೆ. ಒಪ್ಪಲಿಲ್ಲ. ಹೊಸ ಯಂತ್ರ ನಿಮ್ಮ ಒಲೆಗಿಂತ ಚೆನ್ನಾಗಿ ಕಾಯಿಸುತ್ತದೆ ಎಂದು ಕೆಣಕಿದೆ. ಪರೀಕ್ಷೆ ಮಾಡಲು ಬಂದರು.

ಅತ್ತೆ ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಕರ್ಮದಲ್ಲಿ ನೀವು ಅವರಿಗೆ ಆಡಿದ ಮಾತು ನೆನಪಿದೆಯೇ? "ನಿಮಗೆ ಒಲೆನೇ ಹೆಂಡ್ತಿ, ಒಲೆನೇ ಮಗ. ನನ್ ಮನೆ ಮುಂಬಾಗ್ಲು ದಾಟ್ಬೇಡಿ." ಅವರು ಆರು ವರ್ಷ ದಾಟಲಿಲ್ಲ. ಈಗಲೂ ದಾಟಿಲ್ಲ. ಹಿತ್ತಲಲ್ಲಿ ಹಿಮ ತುಳಿದುಕೊಂಡು ಬಂದು ಅಡುಗೆಮನೆಯ ಬಾಗಿಲಿಂದ ನೇರ ಬಚ್ಚಲಿಗೆ ಹೋಗುತ್ತಾರೆ. ಅಕಾನೆ ಬರುವ ಮೊದಲು ಹೊರಟುಬಿಡುತ್ತಾರೆ. ನಿಮಗೆ ತಿಳಿಸುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ನೀರು ಚೆಲ್ಲುವುದು ನಾನಲ್ಲ, ಅವರು. ಬಿಡಿ ಮಾವ, ನಾವೂ ಅದಕ್ಕೇ ಇಳಿಯುತ್ತೇವೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಹೊರಗಿನೋನು ಮುಳುಗಿದ್ ನೀರು ಮನೆಯೋರಿಗೆ ಬಿಡಬಾರ್ದು ತಾಯಿ" ಎಂದು ಚೆಲ್ಲಿ, ಅರ್ಧ ಗಂಟೆ ಬ್ರಷ್ ಹಿಡಿದು ತೊಟ್ಟಿ ಉಜ್ಜಿಯೇ ಹೋಗುವುದು.

ಎರಡನೆಯ ವಾರ ಅವರ ಬೆನ್ನು ನಾನೇ ಉಜ್ಜಿದೆ. ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ನಾನು ಅಂಗಿಯ ತೋಳು ಮಡಚಿಕೊಂಡು, ಸೊಂಟಕ್ಕೆ ಟವೆಲ್ ಸುತ್ತಿ ಕೂತ ಮುದುಕರ ಬೆನ್ನು ಉಜ್ಜಿದ್ದು ನಿಮ್ಮ ಗ್ರಾಫಿನಲ್ಲಿ ಕಾಣಲಿಲ್ಲ ಅಲ್ಲವೇ? ಹೆಗಲ ತುಂಬ ಕಿಡಿ ಸುಟ್ಟ ಚುಕ್ಕೆಗಳು.

ಕಳೆದ ಗುರುವಾರ ಹೊರಬಂದಾಗ ತುಟಿ ನೀಲಿಯಾಗಿತ್ತು. ಒಳಗೆ ಹೋಗಿ ಕೈಯಿಟ್ಟು ನೋಡಿದ ಮೇಲೆ ನನಗೆ ತಿಳಿಯಿತು. ಯಾಕೆ ಹೇಳಲಿಲ್ಲ ಎಂದು ಬೈದೆ.

"ಇನ್ನೊಬ್ರ ಮನೆ ನೀರಿಗೆ ಹೆಸರಿಡ್ತಾರಾ?" ಎಂದರು.

ಮೂರು ದಿನ ಜ್ವರ. ಡಾಕ್ಟರು ಎದೆ ಸರಿಯಿದೆ ಎಂದಿದ್ದಾರೆ, ಈಗ ಗಂಜಿ ಕುಡಿಯುತ್ತಿದ್ದಾರೆ. ಸರಿಯಿಲ್ಲದಿದ್ದರೆ ಏನಾಗುತ್ತಿತ್ತು ಎಂದು ನೀವೇ ಊಹಿಸಿ.

ನನಗೂ ಒಂದು ಹೊಟ್ಟೆಕಿಚ್ಚಿದೆ, ಬರೆದುಬಿಡುತ್ತೇನೆ. ನೀವು ದಿನವೂ ನೋಡುವುದು ಆ ಟ್ಯಾಂಕನ್ನು. ನೀರು ಎಷ್ಟು, ಬಿಸಿ ಎಷ್ಟು, ಎಲ್ಲ ಗೊತ್ತು ನಿಮಗೆ. ಒಂದು ಫೋನು ಮಾಡಿ, "ಮಿನೆಕೊ, ಗುರುವಾರ ಯಾರು ಬರ್ತಾರೆ?" ಎಂದು ಕೇಳಿದ್ದರೆ ನನ್ನ ಮಾತು ಮುರಿದಾದರೂ ಹೇಳಿಬಿಡುತ್ತಿದ್ದೆ.

ಮಿನೆಕೊ


ಕುಶಿರೊ, ಡಿಸೆಂಬರ್ ೧೭

ಮಿನೆಕೊಗೆ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ತಪ್ಪಾಯಿತು ಎಂದು ಮೊದಲು ಬರೆಯುತ್ತೇನೆ. ನಿನಗೆ, ನಿರಸಾವಾ ಅವರಿಗೆ, ಅವರ ಮೂರು ಮೊಮ್ಮಕ್ಕಳಿಗೆ. ಬಂದಾಗ ಅವರ ಮನೆಗೆ ಒಂದು ಡಬ್ಬಿ ಒಣಮೀನು ಕೊಟ್ಟು ಬರುತ್ತೇನೆ. ಯಾಕೆಂದು ಅವರಿಗೆ ಹೇಳಬೇಡ.

ಹೊಟ್ಟೆಕಿಚ್ಚು ಆರಿತು ಎಂದುಕೊಂಡಿದ್ದೆ. ಆರಿಲ್ಲ, ಜಾಗ ಬದಲಿಸಿದೆ. ಈಗ ನಿನ್ನ ಮೇಲೆ. ಅಪ್ಪನ ಹೆಗಲಲ್ಲಿ ಚುಕ್ಕೆಗಳಿವೆ ಎಂದು ನನಗೆ ಗೊತ್ತಿರಲಿಲ್ಲ, ನಿನಗೆ ಗೊತ್ತು. ನಲವತ್ತಾರು ವರ್ಷದಲ್ಲಿ ನಾನು ಒಮ್ಮೆಯೂ ಮುಟ್ಟದ ಬೆನ್ನನ್ನು ನೀನು ಎರಡನೆಯ ವಾರಕ್ಕೇ ಉಜ್ಜಿದೆ.

ನಿನಗೆ ಹೇಳಿಲ್ಲದ್ದು ಒಂದಿದೆ. ನನಗೆ ಆರು ವರ್ಷವಾದಾಗ ಸ್ನಾನದ ಮನೆಯಲ್ಲಿ ಅಮ್ಮ ನನ್ನನ್ನು ಹೆಂಗಸರ ಕಡೆಯಿಂದ ಬಿಡಿಸಿ ಗಂಡಸರ ಕಡೆಗೆ ಒಬ್ಬನೇ ಕಳಿಸಿದಳು. ಸಾಲಾಗಿ ನಲ್ಲಿಗಳು, ಸಾಲಾಗಿ ಹುಡುಗರು, ಒಬ್ಬೊಬ್ಬನ ಹಿಂದೆ ಒಬ್ಬೊಬ್ಬ ಅಪ್ಪ ಕೂತು ಬೆನ್ನುಜ್ಜುತ್ತಿದ್ದ. ನನ್ನ ಅಪ್ಪ ಗೋಡೆಯಾಚೆ ಅವರಿಗೆಲ್ಲ ನೀರು ಕಾಯಿಸುತ್ತಿದ್ದ. ಆ ಹುಡುಗರನ್ನು ನಾನು ಎಷ್ಟು ದ್ವೇಷಿಸಿದೆ ಎಂದರೆ ಈಗಲೂ ಅವರ ಹೆಸರು ಸಾಲಾಗಿ ಹೇಳಬಲ್ಲೆ. ಒಂದು ದಿನ ತೋಫು ಮಾರುವ ಇವಾಬುಚಿ ಕನಿಕರಪಟ್ಟು, "ಬಾರೋ, ನಿನ್ ಬೆನ್ನೂ ಉಜ್ತೀನಿ" ಎಂದು ಕೂರಿಸಿಕೊಂಡ. ಎರಡು ಸಲ ಉಜ್ಜುವಷ್ಟರಲ್ಲಿ ನಲ್ಲಿಯ ನೀರು ಸುಡತೊಡಗಿತು. ಅವನು ಗೋಡೆ ಗುದ್ದಿ ಬೈದು ಎದ್ದುಹೋದ. ಬೇರೊಬ್ಬನ ಕೈಯೂ ನನಗೆ ಸಿಗದಂತೆ ಒಲೆ ಉರಿಸಿದ ಅಪ್ಪನನ್ನು ನಾನು ಆವತ್ತೇ ಬಿಟ್ಟೆ. ಅಮ್ಮ ಸತ್ತಾಗ ಬಾಯಿಗೆ ಬಂದದ್ದು ಆ ಹಳೆಯ ಸಿಟ್ಟು.

ಅಪ್ಪನಿಗೆ ಬೇರೆ ಕಾಗದ ಇಟ್ಟಿದ್ದೇನೆ. ಕೊಡು.

ಕಾತ್ಸುಮಿ


ಕುಶಿರೊ, ಡಿಸೆಂಬರ್ ೧೭

ಅಪ್ಪನಿಗೆ,

ಜ್ವರ ಬಿಟ್ಟಿತೇ?

ಎಂಟನೆಯ ತಾರೀಖು ನೀರು ತಣ್ಣಗಿದ್ದದ್ದು ಯಂತ್ರದ ತಪ್ಪಲ್ಲ. ಇಲ್ಲಿಂದ ನಾನು ಮಾಡಿದ್ದು. ಬೇರೊಬ್ಬ ಗಂಡಸು ಎಂದುಕೊಂಡಿದ್ದೆ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಆರು ವರ್ಷದ ಹಿಂದೆ ಆಡಿದ ಮಾತನ್ನೂ ವಾಪಸು ತೆಗೆದುಕೊಳ್ಳುತ್ತೇನೆ.

ಹೊಸ ವರ್ಷಕ್ಕೆ ರಜೆ ಸಿಕ್ಕಿದೆ. ಇಪ್ಪತ್ತೊಂಬತ್ತು ಗುರುವಾರವೇ. ಎರಡೂವರೆಯ ರೈಲಿಗೆ ಇಳಿಯುತ್ತೇನೆ. ನೀವು ಮುಂಬಾಗಿಲಿಂದ ಬನ್ನಿ, ಎಂದಿನ ಹೊತ್ತಿಗೆ ಮೊದಲ ನೀರಿಗೆ ಇಳಿಯಿರಿ. ಮುಗಿದ ಮೇಲೆ ದಯವಿಟ್ಟು ನೀರು ಚೆಲ್ಲಬೇಡಿ. ನಿಮ್ಮ ನಂತರ ನಾನು ಇಳಿಯುತ್ತೇನೆ.

ಕಾತ್ಸುಮಿ


ಇಯಾಮಾ, ಡಿಸೆಂಬರ್ ೨೩

ಕಾತ್ಸುಮಿಗೆ,

ಹಿಮ ಸೂರಿನವರೆಗೆ ಬಂದಿದೆ. ಜ್ವರ ಬಿಟ್ಟಿತು. ನನ್ನ ಅಕ್ಷರ ಕೆಟ್ಟದು, ಎಡಗೈಯಲ್ಲಿ ಬರೆಯುತ್ತಿದ್ದೇನೆ, ನಿಧಾನವಾಗಿ ಓದಿಕೋ.

ನಿನ್ನ ಯಂತ್ರವನ್ನು ಹಿತ್ತಲಲ್ಲಿ ನಿಂತು ಬಹಳ ಹೊತ್ತು ನೋಡಿದ್ದೇನೆ. ಫ್ಯಾನಿನ ಮುಂದೆ ಕೈಯಿಟ್ಟರೆ ತಣ್ಣನೆ ಗಾಳಿ. ಬೂದಿ ಇಲ್ಲ. ಯಾರೂ ಬೆವರುವುದಿಲ್ಲ. ಆದರೂ ಒಳಗೆ ನೀರು ಕಾಯುತ್ತದೆ. ಸುಳ್ಳು ಯಾಕೆ ಹೇಳಲಿ, ನನಗೆ ಅದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಇದು ನನ್ನ ಕಾಲದಲ್ಲಿ ಬಂದಿದ್ದರೆ ಸಂಜೆ ನಿನ್ನ ಪಕ್ಕ ಕೂರಬಹುದಿತ್ತು ಎಂದೂ ಅನ್ನಿಸಿತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ನಮ್ಮ ಮನೆಯನ್ನು ಕೆಡಿಸಿದ್ದು ಆಡದೆ ಇದ್ದ ಮಾತು.

ಇವಾಬುಚಿಯ ವಿಷಯ ನೀನು ಮಿನೆಕೊಗೆ ಬರೆದದ್ದನ್ನು ಅವಳು ಓದಿ ಹೇಳಿದಳು. ಅವಳ ಮೇಲೆ ಸಿಟ್ಟಾಗಬೇಡ.

ಒಲೆಮನೆಯ ಗೋಡೆಯಲ್ಲಿ ಅಂಗೈಯಗಲ ಒಂದು ಕಿಂಡಿ ಇತ್ತು. ಬಿಸಿ ಸಾಲದೆಂದು ಗಂಡಸರು ಕೂಗಿದರೆ ಕೇಳಲಿ ಎಂದು ಇಟ್ಟದ್ದು. ನೀನು ಒಬ್ಬನೇ ಬರತೊಡಗಿದ ದಿನದಿಂದ ಸೌದೆ ಎಸೆದು ಎಸೆದು ಆ ಕಿಂಡಿಗೆ ಕಣ್ಣಿಡುತ್ತಿದ್ದೆ. ನೀನು ಯಾವಾಗಲೂ ಕೊನೆಯ ನಲ್ಲಿ. ಕಿವಿಯ ಹಿಂದಿನ ಸೋಪು ನೀನು ತೊಳೆಯದೆ ಬಿಟ್ಟುಬಿಡುತ್ತಿದ್ದೆ. ಒಲೆ ಬಿಟ್ಟು ಬರುವಂತಿರಲಿಲ್ಲ, ಕೂಗಿ ಹೇಳುವಂತೆಯೂ ಇರಲಿಲ್ಲ.

ಆವತ್ತು ಇವಾಬುಚಿ ನಿನ್ನ ಹಿಂದೆ ಕೂತ. ನೀನು ಕಣ್ಣು ಮುಚ್ಚಿಕೊಂಡು ಬೆನ್ನು ಕೊಟ್ಟೆ. ನನಗೆ ತಡೆಯಲಾಗಲಿಲ್ಲ. ಇದ್ದಬದ್ದ ಸೌದೆಯನ್ನೆಲ್ಲ ಒಲೆಗೆ ತುಂಬಿದೆ, ಅವನು ಸುಟ್ಟುಕೊಂಡು ಎದ್ದುಹೋಗಲಿ ಎಂದು. ಎದ್ದುಹೋದ. ನೀನು ಬೆನ್ನ ತುಂಬ ನೊರೆ ಹೊತ್ತು ಒಬ್ಬನೇ ಕೂತಿದ್ದೆ. ನಾನು ಮಾಡಿದ ಕೆಲಸ ಆಗ ಗೊತ್ತಾಯಿತು. ನಲವತ್ತು ವರ್ಷ ಅದನ್ನು ಯಾರಿಗೂ ಹೇಳಿಲ್ಲ.

ನೀನು ನೀರು ತಣ್ಣಗೆ ಮಾಡಿದೆ, ನಾನು ಸುಡುವಂತೆ ಮಾಡಿದ್ದೆ. ನೀನು ನನ್ನ ಮಗನೇ. ಇದಕ್ಕೆ ಕ್ಷಮೆ ಕೇಳುವ ಅಗತ್ಯವಿಲ್ಲ.

ಗುರುವಾರ ಮುಂಬಾಗಿಲಿಂದ ಬರುತ್ತೇನೆ. ಆದರೆ ಮೊದಲ ನೀರಿಗೆ ಒಬ್ಬನೇ ಇಳಿಯುವುದಿಲ್ಲ. ನೀನು ರೈಲು ಇಳಿದು ಬರುವ ತನಕ ಕಾಯುತ್ತೇನೆ. ಗೋಡೆಯ ಹೆಂಗಸು ಎಷ್ಟು ಸಲ ಬೇಕಾದರೂ ಕರೆಯಲಿ. ನಲವತ್ನಾಲ್ಕು ನಿನಗೆ ಸುಡುತ್ತದೆ, ನಲವತ್ತೆರಡಕ್ಕೆ ಇಡಲು ಹೇಳಿದ್ದೇನೆ. ಮೊದಲು ನಿನ್ನ ಬೆನ್ನು. ಬಲಗೈ ಏಳುವುದಿಲ್ಲ, ಎಡಗೈ ಏಳುತ್ತದೆ.

ನಿನ್ನ ಅಪ್ಪ